ಓವನ್ನಿನಿಂದ ಎತ್ತಿಸಿದ ಟೇಪುಗಳು

ಓವನ್ನಿನಲ್ಲಿ ಬಿಸಿಯಾಗುತ್ತಿದ್ದ ಟೇಪಿನ ವಾಸನೆ ಮಗುವಿನ ಎದೆಗಿಳಿದರೆ ಏನು ಗತಿ ಎಂಬ ಚಿಂತೆ ನನ್ನನ್ನು ಬಿಡಲೇ ಇಲ್ಲ.

ಚಿಕ್ಕಪ್ಪ ಒಂದು ರಾಕ್ ಬ್ಯಾಂಡಿನ ಸೌಂಡ್ ನೋಡಿಕೊಳ್ಳುತ್ತಲೇ ಎಡಗಿವಿ ಕೇಳಿಸದಂತಾದವರು. ಒಂದೊಂದು ಹಾಡನ್ನೂ ಅರ್ಧ ಗಂಟೆ ನುಡಿಸುತ್ತಿದ್ದ ಆ ಬ್ಯಾಂಡಿನ ಹಳೆಯ ಕಾರ್ಯಕ್ರಮವೊಂದು ಈಗ ಆಲ್ಬಮ್ ಆಗುವುದಿತ್ತು. ಅದನ್ನು ರೆಕಾರ್ಡ್ ಮಾಡಿದ್ದ ಟೇಪುಗಳು ಹಳತಾಗಿ ಅಂಟುಗಟ್ಟಿದ್ದವು; ಸಣ್ಣ ಶಾಖದಲ್ಲಿ ಒಣಗಿಸದೆ ಪ್ಲೇಯರಿಗೆ ಹಾಕಿದರೆ ಧ್ವನಿಯೇ ಕಿತ್ತುಹೋಗುತ್ತದಂತೆ. ಅದಕ್ಕೆಂದು ಅವರು ನನ್ನ ಓವನ್ ಕೇಳಿದಾಗ ನಾನೇ ಹೂಂ ಅಂದಿದ್ದೆ. ಆಮೇಲೆ ನಡುವೆಯೇ ಸ್ವಿಚ್ ಆರಿಸಿ, "ಮನೇಲಿ ಹಸುಗೂಸಿದೆ, ನಿಮಗಷ್ಟೂ ಗೊತ್ತಾಗಲ್ವಾ?" ಎಂದು ರೇಗಿಬಿಟ್ಟೆ.

"ಬೇಯೋ ಮುಂಚೇನೇ ಇಳಿಸಿಬಿಟ್ಯಲ್ಲೇ! ಇರ್ಲಿ ಬಿಡಮ್ಮ," ಎಂದು ನಕ್ಕು, ಬಿಸಿ ಟೇಪುಗಳನ್ನು ಟವೆಲಿನಲ್ಲಿ ಸುತ್ತಿಕೊಂಡು ಹೊರಟುಹೋದರು. ಅವರು ಬೈದಿದ್ದರೇ ವಾಸಿಯಿತ್ತು; ನಾಚಿಕೆಯಿಂದ ಕುಗ್ಗಿಹೋದೆ.

ಸಂಜೆ ಫೋನ್ ಮಾಡಿದೆ. "ಚಿಕ್ಕಪ್ಪ, ನನ್ನದೇ ತಪ್ಪು. ನಾಳೆ ನಾನೂ ಪಾಪೂನೂ ಅಮ್ಮನ ಮನೇಲಿರ್ತೀವಿ. ಟೇಪು ತಗೊಂಡು ಬನ್ನಿ, ಓವನ್ ನಿಮ್ದೇ."