ಪಿಪೆಟ್ಟಿಗೆ ಇಟ್ಟ ಕುಂಕುಮ

ಕೋವಿಡ್ ಗಲಾಟೆ ತಣ್ಣಗಾದ ಎರಡನೇ ವರ್ಷ. ಹೊಸೂರಿನ ಒಂದು ಖಾಸಗಿ ಸಂಶೋಧನಾ ಪ್ರಯೋಗಾಲಯದಲ್ಲಿ ನಾನು ಹಿರಿಯ ಟೆಕ್ನೀಷಿಯನ್ ಆಗಿದ್ದೆ. ಆರ್‌ಎನ್‌ಎ ಕೋಣೆಯ ಜವಾಬ್ದಾರಿ ನನ್ನದು. ಇಪ್ಪತ್ತೆರಡು ವರ್ಷದ ಅನುಭವವಿತ್ತು, ಅದಕ್ಕೆ ತಕ್ಕ ಕೊಬ್ಬೂ ಇತ್ತು. ನನ್ನ ಕೈಯಲ್ಲಿ ಆರ್‌ಎನ್‌ಎ ಕೆಟ್ಟದ್ದೇ ಇಲ್ಲ ಎಂದು ಹೊಸಬರ ಮುಂದೆ ಕೊಚ್ಚಿಕೊಳ್ಳುವುದು ಅಭ್ಯಾಸವಾಗಿಬಿಟ್ಟಿತ್ತು.

ನಮ್ಮ ಕೆಲಸ ಇಷ್ಟು. ಕ್ಯಾನ್ಸರ್ ಗೆಡ್ಡೆಯನ್ನು ತಾನೇ ಸೋಲಿಸಿ ಬದುಕಿದ ಇಲಿಯ ರೋಗನಿರೋಧಕ ಕೋಶಗಳಿಗೆ ಆ ಶತ್ರುವಿನ ಗುರುತು ಸಿಕ್ಕಿರುತ್ತದೆ. ಆ ಕೋಶಗಳಿಂದ ಆರ್‌ಎನ್‌ಎಯನ್ನು, ಅಂದರೆ ಯಾವ ಪ್ರೋಟೀನ್ ತಯಾರಾಗಬೇಕೆಂದು ಹೇಳುವ ಸಂದೇಶದ ಎಳೆಯನ್ನು, ತೆಗೆದು ಗೆಡ್ಡೆಯಿರುವ ಇನ್ನೊಂದು ಇಲಿಯ ಕೋಶಗಳಿಗೆ ಕೊಟ್ಟರೆ ಅವೂ ಹೋರಾಡಲು ಕಲಿಯುತ್ತವೆಯೇ? ಆಲೋಚನೆ ಹಳೆಯದೇ. ಮನುಷ್ಯರ ಚಿಕಿತ್ಸೆಯ ಮಾತು ಇನ್ನೂ ಬಹಳ ದೂರವಿತ್ತು. ಹಾಗೆ ಬದುಕಿದ ಇಲಿಗಳು ನಮ್ಮಲ್ಲಿದ್ದದ್ದು ಮೂರೇ. ಅವುಗಳ ಗುಲ್ಮದಿಂದ ತೆಗೆದ ಕೋಶಗಳು ಎರಡು ಟ್ಯೂಬುಗಳಲ್ಲಿ, ದ್ರವ ಸಾರಜನಕದ ಕೊರೆವ ತಂಪಿನಲ್ಲಿ ಕಾಯುತ್ತಿದ್ದವು.

ಅಷ್ಟರಲ್ಲಿ ಆಯುಧಪೂಜೆ ಬಂತು. ಹೊಸೂರಿನಲ್ಲಿ ಆ ದಿನ ಕುಂಕುಮ ಕಾಣದ ಕಬ್ಬಿಣವಿಲ್ಲ. ನಮಗೇನು ಕಮ್ಮಿ? ಟ್ಯೂಬುಗಳನ್ನು ಗಿರಗಿರನೆ ತಿರುಗಿಸುವ ಸೆಂಟ್ರಿಫ್ಯೂಜಿಗೆ ಸೇವಂತಿಗೆ ಹಾರ ಹಾಕಿದೆವು. ಹನಿ ಅಳೆಯುವ ನನ್ನ ಪಿಪೆಟ್ಟುಗಳಿಗೆ ನಾನೇ ಒಂದೊಂದಾಗಿ ಅರಿಶಿನ ಕುಂಕುಮ ಇಟ್ಟೆ, ಬರಿಗೈಯಲ್ಲಿ. ಕೈಗವಸು ತೊಟ್ಟು ಯಾರಾದರೂ ಪೂಜೆ ಮಾಡುತ್ತಾರೆಯೇ? ರಜೆ ಮುಗಿದ ಮೇಲೆ ಮುನಿಯಮ್ಮ ಎಲ್ಲವನ್ನೂ ಒರೆಸಿಟ್ಟಳು. ಗುಮ್ಮಳಾಪುರದಿಂದ ದಿನಾ ಬಸ್ಸಿನಲ್ಲಿ ಬಂದು ನಮ್ಮ ಕೋಣೆಗಳನ್ನು ಸ್ವಚ್ಛ ಮಾಡುತ್ತಿದ್ದ ಹೆಂಗಸು ಅವಳು.

ಮರುದಿನ ಮೊದಲ ಟ್ಯೂಬ್ ತೆಗೆದೆ. ಕೆಲಸ ಮುಗಿಸಿ ಜೆಲ್ ಪರೀಕ್ಷೆ ಮಾಡಿದೆ. ಆರ್‌ಎನ್‌ಎ ಚೆನ್ನಾಗಿದ್ದರೆ ಅದರಲ್ಲಿ ಎರಡು ಗೆರೆಗಳು ಸ್ಪಷ್ಟವಾಗಿ ಹೊಳೆಯಬೇಕು. ನನಗೆ ಕಂಡದ್ದು ಮೇಲಿನಿಂದ ಕೆಳಗಿನವರೆಗೆ ಹರಡಿದ ಮಸುಕು ಮಾತ್ರ. ಎಳೆಗಳೆಲ್ಲ ಚೂರುಚೂರಾಗಿದ್ದವು.

ಬೆಂಗಳೂರಿನಿಂದ ನಿರ್ದೇಶಕರು ಬಂದರು. ಒರೆಸಿದ್ದು ಯಾರು ಎಂದು ಕೇಳಿದರು, ಯಾರೋ ಮುನಿಯಮ್ಮನ ಹೆಸರು ಹೇಳಿದರು. ಅವಳಿಗೆ ನಾಳೆಯಿಂದ ಬರಬೇಡ ಅನ್ನಿ, ಉಳಿದ ಟ್ಯೂಬನ್ನು ಬೆಂಗಳೂರಿಗೆ ಒಯ್ಯುತ್ತೇನೆ ಎಂದರು. ಆ ಗಳಿಗೆಯಲ್ಲಿ ನಾನು ಬಾಯಿ ಬಿಡಲಿಲ್ಲ. ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಕೋಣೆಗೆ ಹೋಗಿ ಪಿಪೆಟ್ಟು ಬಿಚ್ಚಿದೆ. ತುದಿಯ ಕೊಳವೆಯ ಸಂದಿಯಲ್ಲಿ ಕೆಂಪು ಪುಡಿ ಕೂತಿತ್ತು. ನಮ್ಮ ಬೆವರಿನಲ್ಲಿ ಆರ್‌ಎನೇಸ್ ಎಂಬ ಕಿಣ್ವವಿರುತ್ತದೆ. ಆರ್‌ಎನ್‌ಎ ಎಳೆಯನ್ನು ಕತ್ತರಿಸುವುದೇ ಅದರ ಕೆಲಸ. ಒದ್ದೆ ಬಟ್ಟೆಗೆ ಅದು ಹೋಗುವುದಿಲ್ಲ, ಕುದಿಸಿದರೂ ಜಗ್ಗುವುದಿಲ್ಲ. ಹೊಸಬರಿಗೆ ಇದನ್ನು ಮೊದಲ ದಿನವೇ ಪಾಠ ಮಾಡುತ್ತಿದ್ದವಳು ನಾನೇ.

ಪಿಪೆಟ್ಟನ್ನು ನಿರ್ದೇಶಕರ ಮೇಜಿನ ಮೇಲಿಟ್ಟೆ. “ಮುನಿಯಮ್ಮನ ತಪ್ಪಲ್ಲ ಸಾರ್. ಇದು ನನ್ನ ಬೆರಳು.”

ಅವರು ಪಿಪೆಟ್ಟನ್ನು ನನ್ನ ಕಡೆಗೇ ತಳ್ಳಿದರು. “ಹಾಗಾದರೆ ಅವಳು ಇರಲಿ. ಎರಡನೆಯದನ್ನೂ ನೀವೇ ಮಾಡಿ. ಕೆಟ್ಟರೆ ಈ ಕೋಣೆಗೆ ಬೀಗ.”

ಮುನಿಯಮ್ಮನನ್ನು ಕರೆದು ನಡೆದದ್ದನ್ನೆಲ್ಲ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಕಿಣ್ವದ ವಿಷಯವನ್ನೇ ಮತ್ತೊಮ್ಮೆ ಹೇಳಿಸಿಕೊಂಡಳು.

“ಉಪ್ಪಿನಕಾಯಿ ಜಾಡಿ ಇದ್ದಂಗೆ ಅನ್ನಿ ಅಕ್ಕ. ಮುಟ್ಟಿದ ಕೈ ಕಾಣಲ್ಲ, ಬೂಷ್ಟು ಕಾಣ್ತದೆ. ನಮ್ಮನೇಲಿ ಜಾಡಿಗೆ ಒಬ್ರೇ ಕೈ. ಮಿಕ್ಕೋರೆಲ್ಲ ಹೊಸ್ತಿಲಾಚೆ ನಿಂತು ಎತ್ತಿಕೊಡ್ಬೇಕು.”

ನಮ್ಮಲ್ಲಿ ಆವರೆಗೆ ನಾಲ್ಕು ಜನ ಒಳಗೆ ಹೊರಗೆ ಓಡಾಡುತ್ತಿದ್ದೆವು. ಬಾಗಿಲ ಹಿಡಿ ಮುಟ್ಟಿದ ಕೈಗವಸಿನಲ್ಲೇ ಟ್ಯೂಬು ಮುಟ್ಟುತ್ತಿದ್ದೆವು. ಅವಳ ಮನೆಯ ಪದ್ಧತಿಯನ್ನು ಹಾಗೇ ತಂದೆ. ಒಳಗೆ ನಾನೊಬ್ಬಳೇ. ಹೊಸ್ತಿಲಿಗೆ ಕೆಂಪು ಟೇಪು. ಆಚೆ ಮುನಿಯಮ್ಮ, ಹೊಸ ಕೈಗವಸು, ಹೊಸ ಪೆಟ್ಟಿಗೆ ಎತ್ತಿಕೊಡಲು. ಹಳೆಯ ಪಿಪೆಟ್ಟುಗಳನ್ನೆಲ್ಲ ಹೊರಗೆ ಹಾಕಿ, ಆರ್‌ಎನೇಸ್ ಕೊಲ್ಲುವ ದ್ರಾವಣದಿಂದ ಮೇಜು, ಗೋಡೆ, ಸ್ವಿಚ್ಚು ಎಲ್ಲವನ್ನೂ ಮೂರು ದಿನ ತೊಳೆದೆವು. ನಾಲ್ಕನೆಯ ಬೆಳಗ್ಗೆ ಕೊನೆಯ ಟ್ಯೂಬ್ ಕರಗಿಸಿದೆ.

ಜೆಲ್ಲಿನಲ್ಲಿ ಎರಡು ಗೆರೆಗಳು ಹೊಳೆದವು. ಬಾಗಿಲ ಗಾಜಿನಾಚೆ ನಿಂತಿದ್ದ ಮುನಿಯಮ್ಮನಿಗೆ ಎರಡು ಬೆರಳು ತೋರಿಸಿದೆ. ಅವಳು ನಕ್ಕಳು. ನಾನು ಅತ್ತೆ. ಆ ಆರ್‌ಎನ್‌ಎ ಪಡೆದ ಕೆಲವು ಇಲಿಗಳಲ್ಲಿ ಗೆಡ್ಡೆ ಬೆಳೆಯುವ ವೇಗ ಕಡಿಮೆಯಾಯಿತು. ಅದು ಚಿಕಿತ್ಸೆಯಲ್ಲ, ಇನ್ನೂ ನೋಡಬೇಕು ಅನ್ನಿಸುವ ಸುಳಿವು ಮಾತ್ರ. ಆದರೂ ಆ ಸುಳಿವು ಹೊಸೂರಿನ ನಮ್ಮ ಕೋಣೆಯಿಂದ ಹೊರಟಿತು ಎಂಬ ಹೆಮ್ಮೆ ನನಗೆ ಇಂದಿಗೂ ಇದೆ.

ಫಲಿತಾಂಶ ಕೇಳಿ ನಿರ್ದೇಶಕರು ಖುಷಿಯಿಂದ ಓಡಿಬಂದು ನೇರ ಒಳಗೆ ಕಾಲಿಡಲು ಹೋದರು. ಮುನಿಯಮ್ಮ ಟೇಪಿನ ಮುಂದೆ ಅಡ್ಡ ನಿಂತಳು. “ಸಾರ್, ಕೈ” ಎಂದಳು. ಅವರು ತಮ್ಮ ಬರಿಗೈ ನೋಡಿಕೊಂಡು ಹಿಂದೆ ಸರಿದರು.

ಈಗ ನಾನು ನಿವೃತ್ತಳು. ಆಯುಧಪೂಜೆ ಅಲ್ಲಿ ಈಗಲೂ ನಡೆಯುತ್ತದೆ. ಕುಂಕುಮ ಮಾತ್ರ ಬಾಗಿಲ ಹೊರಗೆ ನಿಲ್ಲುತ್ತದೆ, ಅದನ್ನು ಮುನಿಯಮ್ಮನೇ ಇಡುತ್ತಾಳೆ. ಅಲ್ಲಿ ನಾನು ಕಲಿತದ್ದು ದೊಡ್ಡ ವಿದ್ಯೆಯೇನಲ್ಲ. ಏನಾದರೂ ಕೆಟ್ಟಿತೆಂದರೆ, ಇನ್ನೊಬ್ಬರ ಹೆಸರು ಬಾಯಿಗೆ ಬರುವ ಮೊದಲು, ನನ್ನ ಬೆರಳನ್ನೊಮ್ಮೆ ನೋಡಿಕೊಳ್ಳುತ್ತೇನೆ.