ಗ್ರಹಣದ ದಿನ ಕಣ್ಣು ಮುಚ್ಚಿದ ಬೀದಿ

ಹಟ್ಟಹಗಲಲ್ಲಿ ನಮ್ಮ ಎದುರು ಮನೆ ಕಣ್ಣು ಮುಚ್ಚಿತು. ಆಮೇಲೆ ಅದರ ಪಕ್ಕದ್ದು. ಆಮೇಲೆ ಅದರಾಚೆಯದು. ಯಾರೂ ಹೊರಗೆ ಬರಲಿಲ್ಲ, ಯಾರೂ ಯಾರನ್ನೂ ಕರೆಯಲಿಲ್ಲ. ಗಾಜಿನ ಹಿಂದೆ ಒಂದು ಬಿಳಿ ಕೈ ಬರುವುದು, ಪರದೆ ಎಳೆಯುವುದು, ಮಾಯವಾಗುವುದು. ನಾನು ಕಿಟಕಿಗೆ ಕಟ್ಟಿದ್ದ ಕಂಬಳಿಯ ಸಂದಿಯಿಂದ ನೋಡುತ್ತಿದ್ದೆ. ಬೀದಿಯ ಕೊನೆಯ ಮನೆಯೂ ಮುಚ್ಚಿಕೊಂಡಿತು. ಅಷ್ಟರಲ್ಲಿ ಕಲ್ಲಿದ್ದಲು ಮಾರುವವನು ನಮ್ಮ ಬಾಗಿಲ ಮುಂದೆ ಗಾಡಿ ನಿಲ್ಲಿಸಿ, ಟೋಪಿ ತೆಗೆದು ಎದೆಗೊತ್ತಿಕೊಂಡು ತಲೆ ಬಗ್ಗಿಸಿ ನಿಂತ. ಅವನ ಕುದುರೆಯೂ ತಲೆ ಬಗ್ಗಿಸಿತು. ನಂಬದಿದ್ದರೆ ಬಿಡಿ, ಕುದುರೆಗೇನೂ ನಷ್ಟವಿಲ್ಲ.

ಶಿಡ್ಲಘಟ್ಟದ ಗೆಳೆಯರೇ, ನಾನು ಇಂಗ್ಲೆಂಡಿಗೆ ಹೊರಟಾಗ ಗೌರಿಬಿದನೂರು ಸ್ಟೇಷನ್ನಿಗೆ ಬಂದು, ಅಲ್ಲಿ ರಾಣಿ ಕಂಡರೆ ನಾನು ಜಂಗಮಕೋಟೆ ಸೀನ ಅಂತ ಹೇಳು ಎಂದಿರಲ್ಲ, ರಾಣಿ ಇನ್ನೂ ಕಂಡಿಲ್ಲ. ಸೂರ್ಯನೇ ಕಂಡಿಲ್ಲ, ರಾಣಿ ಎಲ್ಲಿಂದ ಕಾಣಬೇಕು? ಅಪ್ಪ ಬೆಂಗಳೂರಿನ ಬಟ್ಟೆ ಗಿರಣಿಯಲ್ಲಿ ಫಿಟ್ಟರ್ ಆಗಿದ್ದರಲ್ಲ, ಅದೇ ಕೆಲಸಕ್ಕೆ ಉತ್ತರ ಇಂಗ್ಲೆಂಡಿನ ಈ ಹತ್ತಿ ಗಿರಣಿಯೂರಿಗೆ ಬಂದೆವು. ಇಲ್ಲಿ ಮನೆಗಳಿಗಿಂತ ಹೊಗೆಗೊಳವೆ ಜಾಸ್ತಿ. ಕಾಗೆಗಳು ಮೊದಲು ಬಿಳಿಯವೇ ಇದ್ದವಂತೆ, ಇದನ್ನು ನಾನೇ ಹೇಳಿದ್ದು, ನಾನೇ ನಂಬಿದ್ದೇನೆ.

ಮನೆಗಳ ವಿಷಯ ಹೇಳಬೇಕು. ಇಡೀ ಬೀದಿ ಒಂದೇ ಉದ್ದನೆಯ ಗೋಡೆ, ಅದಕ್ಕೆ ಸಾಲಾಗಿ ಬಾಗಿಲು ಕೊರೆದಿದ್ದಾರೆ. ಈ ತುದಿಯಲ್ಲಿ ಸೀನಿದರೆ ಆ ತುದಿಯಲ್ಲಿ ಒಬ್ಬರು ದೇವರು ಒಳ್ಳೇದು ಮಾಡಲಿ ಅನ್ನುತ್ತಾರೆ. ಆದರೆ ಮುಖ ತೋರಿಸುವುದಿಲ್ಲ. ಬಿದಿರಿನ ಚಂದ್ರಿಕೆತಟ್ಟೆಯ ಮೇಲೆ ರೇಷ್ಮೆಹುಳ ಗೂಡು ಕಟ್ಟಿಕೊಂಡ ಹಾಗೆ ಒಬ್ಬೊಬ್ಬರೂ ಒಳಗೆ. ಕಕ್ಕಸು ಹಿತ್ತಲಿನಾಚೆ, ಚಳಿಗಾಲದಲ್ಲಿ ಅಲ್ಲಿಗೆ ಹೋಗುವ ಮೊದಲು ನಾನು ಅಮ್ಮನ ಕಾಲಿಗೆ ನಮಸ್ಕರಿಸಿ ಹೋಗುತ್ತೇನೆ. ಮುಂದಿನ ಕೋಣೆಗೆ ಪಾರ್ಲರ್ ಅನ್ನುತ್ತಾರೆ. ಅಲ್ಲಿ ಒಳ್ಳೆಯ ಕುರ್ಚಿ, ಒಳ್ಳೆಯ ಮೇಜು. ಕೂರುವವರು ಮಾತ್ರ ಯಾರೂ ಇಲ್ಲ. ಯಾರಿಗಾಗಿ ಈ ಕೋಣೆ ಅಂತ ಬಂದ ಹೊಸದರಲ್ಲಿ ಕೇಳಿದ್ದೆ. ಪಕ್ಕದ ಮನೆಯ ಎಡಿತ್ ಉತ್ತರ ಹೇಳದೆ ಬಿಸ್ಕತ್ತು ಕೊಟ್ಟಿದ್ದಳು.

ಎಡಿತ್‌ಗೆ ಅರವತ್ತು ದಾಟಿದೆ, ಗಿರಣಿಯಲ್ಲಿ ನೂಲು ತೆಗೆದು ತೆಗೆದು ಕಿವಿ ಮಂದ. ಅವಳ ಗಂಡ ಹೆರಾಲ್ಡ್ ಅಪ್ಪನ ಗಿರಣಿಯಲ್ಲೇ ಇದ್ದಾನೆ. ಅಮ್ಮ ಅವಳನ್ನು ಎಡ್ತಮ್ಮ ಅನ್ನುತ್ತಾಳೆ. ಇಬ್ಬರಿಗೂ ಸ್ನೇಹವಾದದ್ದು ಹೊಸಿಲಿನಿಂದ. ಇಲ್ಲಿಯ ಹೆಂಗಸರು ಬೆಳಿಗ್ಗೆ ಮಂಡಿಯೂರಿ ಬಾಗಿಲ ಮೆಟ್ಟಿಲು ತೊಳೆದು, ಅಂಚಿಗೆ ಒಂದು ಮೆತ್ತನೆಯ ಕಲ್ಲಿನಿಂದ ಬಿಳಿ ಗೆರೆ ಎಳೆಯುತ್ತಾರೆ. ಆ ಕಲ್ಲಿಗೆ ಕತ್ತೆಕಲ್ಲು ಅಂತ ಹೆಸರು. ಅಮ್ಮ ಪಕ್ಕದಲ್ಲೇ ಮಂಡಿಯೂರಿ ಅದೇ ಕಲ್ಲಿನಿಂದ ಎಂಟು ದಳದ ರಂಗೋಲಿ ಬಿಟ್ಟಳು. ಎಡಿತ್ ನೋಡಿದಳು. ಮರುದಿನ ತನ್ನ ಗೆರೆಗೆ ಎರಡು ಸುಳಿ ಸೇರಿಸಿದ್ದಳು. ನಮ್ಮ ಕಡೆ ಮೂರು ವರ್ಷದ ಮಗುವನ್ನೂ ಬಾರಪ್ಪ, ಬಾರಮ್ಮ ಅಂತೀವಲ್ಲ, ಇಲ್ಲಿ ಎಲ್ಲರನ್ನೂ ‘ಲವ್’ ಅಂತ ಕರೆಯುತ್ತಾರೆ. ಬಸ್ ಕಂಡಕ್ಟರಮ್ಮ ಮೊದಲ ದಿನ ಹಾಗಂದಾಗ ನಾನು ಎರಡು ಸ್ಟಾಪ್ ಹಿಂದೆಯೇ ಇಳಿದು ಓಡಿಬಂದೆ.

ಈಗ ಗ್ರಹಣಕ್ಕೆ ಬರುತ್ತೇನೆ. ಅಮ್ಮ ಆಗ ತುಂಬು ಬಸುರಿ. ಗ್ರಹಣದ ಬೆಳಕು ಬಸುರಿಯ ಮೇಲೆ ಬೀಳಬಾರದು, ಕತ್ತಲೆ ಕೋಣೆಯಲ್ಲಿ ಅಲ್ಲಾಡದೆ ಕೂರಬೇಕು ಅಂತ ಜಂಗಮಕೋಟೆಯ ಅಜ್ಜಿ ಬರೆಸಿ ಕಳಿಸಿದ್ದಳು. ಮೋಡದ ಹಿಂದಿನ ಸೂರ್ಯನಿಗೆ ಗ್ರಹಣ ಹಿಡಿದರೆಷ್ಟು ಬಿಟ್ಟರೆಷ್ಟು ಅಂದೆ, ಬೆನ್ನಿಗೆ ಬಿತ್ತು. ಅಪ್ಪ ಬೆಳಗಿನ ಪಾಳಿಗೆ ಹೋಗಿದ್ದರು. ನನಗೆ ಸ್ಕೂಲು ತಪ್ಪಿಸಿ ಅಮ್ಮ ಕೆಲಸಕ್ಕೆ ಹಚ್ಚಿದಳು: ಪರದೆಗಳನ್ನೆಲ್ಲ ಎಳೆ, ಮೇಲೆ ಕಂಬಳಿ ಕಟ್ಟು. ಊರಿಂದ ತಂದ ಉಪ್ಪಿನಕಾಯಿ ಜಾಡಿ, ರಾಗಿಹಿಟ್ಟಿನ ಡಬ್ಬ, ಹಪ್ಪಳದ ಗಂಟು, ಇವೆಲ್ಲ ಮೈಲಿಗೆಯಾಗದಂತೆ ಪಾರ್ಲರಿನ ಉದ್ದ ಮೇಜಿನ ಮೇಲೆ ಸಾಲಾಗಿಟ್ಟು, ಅಪ್ಪನ ಬಿಳಿ ಪಂಚೆ ಹೊದಿಸಿ, ಮೇಲೆ ಗರಿಕೆ ಹಾಕಬೇಕು. ಗರಿಕೆ ಎಲ್ಲಿ ಸಿಗಬೇಕು? ರೈಲ್ವೆ ಕಟ್ಟೆಯ ಹುಲ್ಲು ಕಿತ್ತು ತಂದು ಉದುರಿಸಿದೆ.

ಹೀಗೆ ಕೂತಿದ್ದಾಗಲೇ ಬೀದಿ ಒಂದೊಂದೇ ಕಣ್ಣು ಮುಚ್ಚಿದ್ದು. ಮೋಡದ ಬೆಳಕು ತಾಮ್ರದ ಬಣ್ಣಕ್ಕೆ ತಿರುಗಿತ್ತು. ಪಾರಿವಾಳಗಳು ಸಂಜೆಯೆಂದು ತಿಳಿದು ಸೂರಿಗೆ ಬಂದು ಕೂತವು. ಮಕ್ಕಳ ಸದ್ದಿಲ್ಲ, ರೇಡಿಯೋ ಸದ್ದಿಲ್ಲ. ಇವರಿಗೂ ಗ್ರಹಣ ಉಂಟಾ ಅಂದುಕೊಂಡೆ. ಆದರೆ ಕಲ್ಲಿದ್ದಲಿನವನು ಟೋಪಿ ತೆಗೆದದ್ದು ಆಕಾಶಕ್ಕಲ್ಲ, ನಮ್ಮ ಮನೆಗೆ. ನಾನು ಕಂಬಳಿಯ ಸಂದಿ ಮುಚ್ಚಿದೆ.

ಬಾಗಿಲು ಬಡಿಯಿತು. ತೆಗೆದರೆ ಎಡಿತ್, ಕಪ್ಪು ಕೋಟು, ಕಪ್ಪು ಹ್ಯಾಟು. ಕೈಯಲ್ಲಿ ಬೇಯಿಸಿದ ಹಂದಿಮಾಂಸದ ತಟ್ಟೆ. ಹಿಂದೆ ಇನ್ನಿಬ್ಬರು ಹೆಂಗಸರು, ಅವರೂ ಕಪ್ಪು. ಎಡಿತ್ ಒಳಗೆ ಬಂದು ಪಾರ್ಲರಿನ ಬಾಗಿಲಲ್ಲಿ ಕ್ಷಣ ನಿಂತು, ತುಟಿ ಅಲ್ಲಾಡಿಸಿ, ಎದೆಯ ಮೇಲೆ ಶಿಲುಬೆ ಬರೆದುಕೊಂಡಳು. ಆಮೇಲೆ ನನ್ನ ಕೆನ್ನೆ ಹಿಡಿದಳು. ಅವಳ ಮಾತನ್ನು ನಮ್ಮ ಮಾತಿನಲ್ಲಿ ಹೇಳುತ್ತೇನೆ.

“ಕಂದಾ, ನಿಮ್ಮಪ್ಪನಂಥ ಒಳ್ಳೆಯ ಮನುಷ್ಯನಿಗೆ ಹೀಗಾಗಬಾರದಿತ್ತು.”

ಹೆರಾಲ್ಡ್ ಅದೇ ಗಿರಣಿಯವನು. ಅಲ್ಲಿಂದ ಸುದ್ದಿ ಬಂದಿದೆ ಅಂತ ನನಗೆ ಅನ್ನಿಸಿತು. ಅಪ್ಪನೇ ಹೇಳುತ್ತಿದ್ದರು, ಓಡುವ ಬೆಲ್ಟಿಗೆ ಅಂಗಿಯ ತೋಳು ಸಿಕ್ಕಿದರೆ ಬಿಡುವುದಿಲ್ಲ ಅಂತ. ಅಮ್ಮನ ತವರು ಕೆಂಚಾರ್ಲಹಳ್ಳಿ, ಗಾಬರಿಯಾದರೆ ಕನ್ನಡ ಮರೆತು ತೆಲುಗು ಬರುತ್ತದೆ.

“ಏಮಂಟೋಂದಿರಾ?” ಅಂದಳು. ಆಮೇಲೆ ಕನ್ನಡಕ್ಕೆ ಬಂದಳು. “ಏನಂತವ್ಳೆ ಹೇಳಪ್ಪ ಸೀನ.”

“ಅಪ್ಪ ಒಳ್ಳೇವ್ರು ಅಂತವ್ಳೆ.”

“ಅದನ್ನ ಹೇಳೋಕೆ ಕರೀಬಟ್ಟೆ ಯಾಕಾಕ್ಕೊಂಡು ಬಂದವ್ಳೆ?”

ನನ್ನ ಇಂಗ್ಲಿಷು ಗೊತ್ತಲ್ಲ, ಗೊತ್ತಿಲ್ಲದ ಮಾತಿಗೆ ನನ್ನದೇ ಮಾತು ಸೇರಿಸಿ ಅಮ್ಮನನ್ನು ದಿನಾ ನಗಿಸುತ್ತಿದ್ದೆ. ಆವತ್ತು ಸೇರಿಸಲು ಒಂದು ಮಾತೂ ಸಿಗಲಿಲ್ಲ. ಅಮ್ಮ ನನ್ನ ಮುಖ ನೋಡಿದಳು, ಮೆಟ್ಟಿಲ ಮೇಲೆ ಕುಸಿದು ಕೂತಳು. ಎರಡು ಕೈಯಲ್ಲೂ ಹೊಟ್ಟೆ ಹಿಡಿದುಕೊಂಡಳು. ಅವಳು ಅಳುವುದನ್ನು ಕಂಡು, ಇದ್ದ ಚೂರು ಅನುಮಾನವೂ ಹೋಗಿ ಎಡಿತ್ ಅತ್ತಳು. ಎಡಿತ್ ಅಳುವುದನ್ನು ಕಂಡು ಅಮ್ಮನಿಗೂ ಖಾತ್ರಿಯಾಯಿತು. ಊರಾಗಿದ್ದರೆ ಬಾಗಿಲು ಹಾರು ಹೊಡೆದಿರುತ್ತಿತ್ತು, ಹತ್ತು ಜನ ಅಮ್ಮನನ್ನು ತಬ್ಬಿರುತ್ತಿದ್ದರು, ಕೂಗು ಕೆರೆಯಾಚೆಗೆ ಕೇಳುತ್ತಿತ್ತು. ಇಲ್ಲಿ ನಾಲ್ಕು ಹೆಂಗಸರು ಕತ್ತಲಲ್ಲಿ ಸದ್ದಿಲ್ಲದೆ ಅಳುತ್ತಿದ್ದರು. ಗಡಿಯಾರ ಮಾತ್ರ ಕೇಳುತ್ತಿತ್ತು.

“ಎಲ್ ಮಲಗ್ಸವ್ರೆ ಅಂತ ಕೇಳು,” ಅಂದಳು ಅಮ್ಮ.

ಕೇಳಿದೆ. ಎಡಿತ್ ನನ್ನನ್ನು ವಿಚಿತ್ರವಾಗಿ ನೋಡಿದಳು, ದುಃಖದಲ್ಲಿ ಹುಡುಗನಿಗೆ ತಲೆ ಕೆಟ್ಟಿದೆ ಅನ್ನುವ ಹಾಗೆ. ಆಮೇಲೆ ಮೆಲ್ಲಗೆ ಕೈಯೆತ್ತಿ ಪಾರ್ಲರಿನ ಮೇಜು ತೋರಿಸಿದಳು.

ಮೇಜಿನ ಮೇಲೆ ಬಿಳಿ ಪಂಚೆ ಹೊದ್ದು ಉದ್ದಕ್ಕೆ ಮಲಗಿತ್ತು. ಮೇಲೆ ಹುಲ್ಲು. ಬೆಳಿಗ್ಗೆ ನಾನೇ ಸಾಲಾಗಿಟ್ಟದ್ದು ನನಗೆ ಆ ಕ್ಷಣ ನೆನಪೇ ಆಗಲಿಲ್ಲ, ದೇವರಾಣೆ. ಒಂದು ತುದಿಯಲ್ಲಿ ತಲೆ ಉಬ್ಬಿತ್ತು, ಇನ್ನೊಂದು ತುದಿಯಲ್ಲಿ ಪಾದ. ಅಪ್ಪನ ಎತ್ತರವೇ. ಯಾವಾಗ ತಂದು ಮಲಗಿಸಿದರು, ನಾವು ಹೇಗೆ ಕೇಳಿಸಿಕೊಳ್ಳಲಿಲ್ಲ ಅನ್ನಿಸಿ ಕೂದಲು ನೆಟ್ಟಗಾಯಿತು. ಪಂಚೆ ಸಣ್ಣಗೆ ಅಲ್ಲಾಡಿತು. ಬಾಗಿಲ ಸಂದಿಯ ಗಾಳಿ ಅಂತ ಈಗ ಹೇಳಬಲ್ಲೆ.

ಅಮ್ಮ ಎದ್ದಳು. ಗೋಡೆ ಹಿಡಿದು ಹೋಗಿ, ತಲೆಯ ಕಡೆಯ ಪಂಚೆಯನ್ನು ಸರಿಸಿದಳು. ಉಪ್ಪಿನಕಾಯಿ ಜಾಡಿ.

ಆಗಲೇ ಮುಂಬಾಗಿಲ ಚಿಲಕ ಸದ್ದಾಯಿತು. ಅಪ್ಪ ಒಳಗೆ ಬಂದರು, ತಲೆಯ ತುಂಬ ಹತ್ತಿಯ ಧೂಳು, ಮುಖದ ತುಂಬ ಸಂತೋಷ.

“ನೋಡಿದ್ರಾ, ಬೀದಿ ಬೀದೀನೆ ಪರದೆ ಎಳ್ಕೊಂಡು ಕೂತವ್ರೆ. ಪರವಾಗಿಲ್ಲ ಕಣೋ, ಇವ್ರೂ ಗ್ರಹಣ ಮಾಡ್ತಾರೆ.”

ಎಡಿತ್ ಕಲ್ಲಿದ್ದಲ ಬಕೆಟ್ಟಿನ ಮೇಲೆ ಕೂತುಬಿಟ್ಟಳು. ಹಿಂದಿನ ಇಬ್ಬರು ಬಾಗಿಲಲ್ಲಿ ಒಟ್ಟಿಗೆ ನುಗ್ಗಿ ಸಿಕ್ಕಿಕೊಂಡರು. ಅಮ್ಮ ನಡೆದು ಹೋಗಿ ಅಪ್ಪನ ಭುಜ, ತೋಳು, ಬೆರಳು ಎಲ್ಲ ಮುಟ್ಟಿ ನೋಡಿದಳು. ಆಮೇಲೆ ಊರಿನ ಗಂಟಲಲ್ಲಿ ಅತ್ತಳು. ಆ ಬೀದಿ ಕಟ್ಟಿದಾಗಿನಿಂದ ಅಂಥ ಸದ್ದು ಅಲ್ಲಿ ಕೇಳಿರಲಿಲ್ಲ ಅಂತ ಹೆರಾಲ್ಡ್ ಆಮೇಲೆ ಹೇಳಿದ. ಅಪ್ಪ ನನ್ನತ್ತ ತಿರುಗಿ, ಏನು ಮಾಡಿದ್ಯೋ ಅಂದರು. ನಾನು ಏನೂ ಮಾಡದ ದಿನವೂ ಆ ಪ್ರಶ್ನೆ ನನಗೇ ಬರುತ್ತದೆ.

ಎಡಿತ್ ನೀರು ಕುಡಿದು ವಿವರಿಸಿದಳು. ಇಲ್ಲಿ ಹಗಲಲ್ಲಿ ಪರದೆ ಎಳೆದರೆ ಆ ಮನೆಯಲ್ಲಿ ಹೆಣವಿದೆ ಅಂತ ಅರ್ಥ. ಬೀದಿಯವರೆಲ್ಲ ತಮ್ಮ ಪರದೆಯನ್ನೂ ಎಳೆದು ದುಃಖದಲ್ಲಿ ಪಾಲು ತೆಗೆದುಕೊಳ್ಳುತ್ತಾರೆ. ಹೆಣ ಮಲಗಿಸುವುದು ಪಾರ್ಲರಿನಲ್ಲಿ. ಆ ಕೋಣೆ ಯಾರಿಗಾಗಿ ಅನ್ನುವುದಕ್ಕೆ ನನಗೆ ಕೊನೆಗೂ ಉತ್ತರ ಸಿಕ್ಕಿತು. ಅವಳು ಹೊರಗೆ ಹೋಗಿ ಏನೋ ಹೇಳಿದಳು. ಬೀದಿ ಒಂದೊಂದೇ ಕಣ್ಣು ಬಿಟ್ಟಿತು. ಅಪ್ಪ ಗಿರಣಿಯಲ್ಲಿ ಇಂದಿಗೂ ಎದ್ದುಬಂದವನು ಅನ್ನಿಸಿಕೊಂಡಿದ್ದಾರೆ. ತಂಗಿ ಕೈಕಾಲು ನೆಟ್ಟಗೇ ಹುಟ್ಟಿದಳು. ಅವಳೂ ಮೊದಲು ಕಲಿತ ಮಾತು ‘ಲವ್’.

ಈಗ ಬೀದಿ ಬದಲಾಗುತ್ತಿದೆ. ಹಳೆಯ ಸಾಲುಮನೆಗಳನ್ನು ಕೆಡವಿ ಎಲ್ಲರನ್ನೂ ಎತ್ತರದ ಹೊಸ ಫ್ಲಾಟುಗಳಿಗೆ ಕಳಿಸುತ್ತಾರಂತೆ. ಅಲ್ಲಿ ಮನೆಯೊಳಗೇ ಕಕ್ಕಸು, ಬಿಸಿನೀರು. ಹರೆಯದವರು ಕುಣಿಯುತ್ತಾ ಹೋಗುತ್ತಿದ್ದಾರೆ. ಹೊಸಿಲಿಗೆ ಕಲ್ಲು ತಿಕ್ಕುವವರು ಎಡಿತ್ ಮತ್ತು ಅಮ್ಮ ಇಬ್ಬರೇ. ಎದುರು ಸಾಲಿನಲ್ಲಿ ಆಗಲೇ ಮೂರು ಮನೆ ಖಾಲಿ, ಕಿಟಕಿಗಳು ಬೋಳು. ಅಷ್ಟೆತ್ತರದಲ್ಲಿ ಪರದೆ ಎಳೆದರೆ ಯಾರಿಗೆ ಕಾಣುತ್ತೆ ಅಂತ ಎಡಿತ್ ಕೇಳುತ್ತಾಳೆ. ಹಕ್ಕಿಗಳಿಗೆ ಅಂದೆ. ಅವಳು ನಗಲಿಲ್ಲ.

ಕಳೆದ ತಿಂಗಳು ಟೆಲಿಗ್ರಾಂ ಬಂತು, ಅಜ್ಜಿ ತೀರಿಕೊಂಡಳು ಅಂತ. ನಿಮಗೆ ನನಗಿಂತ ಮೊದಲೇ ಗೊತ್ತಿತ್ತು. ನೀವು ಹೋಗಿ ಮಣ್ಣು ಹಾಕಿ ಬಂದಿರಿ. ಇಲ್ಲಿ ಅಮ್ಮ ಅಳುವುದಕ್ಕೂ ಮೊದಲು ಎದ್ದು ಪಾರ್ಲರಿನ ಪರದೆ ಎಳೆದಳು. ಆಮೇಲೆ ಏನು ತೋಚಿತೋ, ಮುಂಬಾಗಿಲನ್ನು ಊರಿನ ಹಾಗೆ ಹಾರು ಹೊಡೆದಿಟ್ಟಳು. ಕಿಟಕಿ ಮುಚ್ಚಿ, ಬಾಗಿಲು ತೆಗೆದು, ಮಂಜು ಒಳಗೆ ಬರುತ್ತಿದ್ದರೂ ನಾವು ಕೂತೆವು.

ಎಡಿತ್ ಬಂದಳು. ಮೊದಲು ಪಾರ್ಲರಿಗೆ ಹೋಗಿ ಮೇಜನ್ನು ನೋಡಿದಳು, ಒಮ್ಮೆ ಮೋಸ ಹೋದವಳಲ್ಲವೇ. ಮೇಜು ಖಾಲಿಯಿತ್ತು.

“ಎಲ್ಲಿದ್ದಾರೆ?” ಅಂದಳು.

ತೀರಿಕೊಂಡದ್ದು ಅಜ್ಜಿ, ಇರುವುದು ಜಂಗಮಕೋಟೆಯಲ್ಲಿ ಅಂದೆ. ಅದು ಯಾವ ಕಡೆ ಅಂತ ಕೇಳಿದಳು. ಅಂದಾಜಿಗೆ ಗಿರಣಿಯ ಕೊಳವೆಯ ಕಡೆ ಕೈ ತೋರಿಸಿದೆ. ಅವಳು ಆ ಕಡೆಗೇ ತಿರುಗಿ ಎದೆಯ ಮೇಲೆ ಶಿಲುಬೆ ಬರೆದುಕೊಂಡಳು. ಹೊರಗೆ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತಿದ್ದವು. ಕೊನೆಗೆ ಎದುರಿನ ಖಾಲಿ ಮನೆಯ ಬೋಳು ಕಿಟಕಿಯಲ್ಲೂ ಒಂದು ಬಿಳಿ ಕೈ ಬಂತು, ಬಟ್ಟೆ ಇಳಿಬಿತ್ತು, ಕೈ ಮಾಯವಾಯಿತು. ಆ ಮನೆಯಲ್ಲಿ ಯಾರೂ ಇಲ್ಲ ಅಂತ ಗೊತ್ತಿದ್ದ ನನ್ನ ಬೆನ್ನು ಜುಮ್ಮೆಂದಿತು. ಆಮೇಲೆ ಹೆರಾಲ್ಡ್ ಅಲ್ಲಿಂದ ಹೊರಬಂದ, ಬಾಯಲ್ಲಿ ಮೊಳೆ, ಕೈಯಲ್ಲಿ ಸುತ್ತಿಗೆ. ಹೋದವರು ಅವನ ಬಳಿ ಬೀಗದಕೈ ಬಿಟ್ಟಿದ್ದರಂತೆ. ಮೂರೂ ಮನೆಗೆ ಹಾಸಿಗೆಯ ಬಟ್ಟೆ ಕಟ್ಟಿ ಬಂದ.

ಅಜ್ಜಿಯ ಮುಖ ಆ ಬೀದಿಯಲ್ಲಿ ಒಬ್ಬರೂ ಕಂಡಿರಲಿಲ್ಲ. ಕಂಡಿದ್ದ ನಾನು ಜಂಗಮಕೋಟೆಯಲ್ಲಿರಲಿಲ್ಲ. ಮುಂದಿನ ಬೇಸಿಗೆಗೆ ಬರೋಣ ಅಂತ ಅಪ್ಪ ಹೇಳಿದ್ದಾರೆ. ಬಂದವನು ಅಜ್ಜಿಯ ಮನೆಯೊಳಗೆ ಕಾಲಿಟ್ಟು ಮೊದಲು ಕಿಟಕಿಯ ಕಡೆ ಹೋಗುತ್ತೇನೆ ಅಂತ ನನಗೆ ಈಗಲೇ ಗೊತ್ತು. ಅಲ್ಲಿ ಮೂರು ಕಬ್ಬಿಣದ ಸರಳಿವೆ, ಪರದೆಯಿಲ್ಲ. ನಾನು ಗಾಳಿಯಲ್ಲಿ ಕೈ ಎಳೆಯುವುದನ್ನು ನೀವು ಕಂಡರೆ ನಗಬೇಡಿ. ಅಥವಾ ನಗಿ, ಆದರೆ ಬಾಗಿಲು ಮಾತ್ರ ತೆಗೆದಿಡಿ.