ಗುಡ್ಡ ಹತ್ತಿದ ಬೆಂಕಿ

ಆಗೆಲ್ಲ ಹೋಳಿ ಮುಗಿದರೆ ಸಾಕು, ತಳೇಗಾಂವದ ಸುತ್ತಲಿನ ಗುಡ್ಡಗಳಲ್ಲಿ ದಿನಕ್ಕೊಂದು ಕಡೆ ಹೊಗೆ ಏಳುತ್ತಿತ್ತು. ಹುಲ್ಲು ಸುಟ್ಟರೆ ಮಳೆಗಾಲದಲ್ಲಿ ದಟ್ಟವಾಗಿ ಚಿಗುರುತ್ತದೆ ಎಂದು ಊರಿನವರೇ ಹಚ್ಚುತ್ತಿದ್ದರು. ಅದಕ್ಕೆ ಅವರು ಮರಾಠಿಯಲ್ಲಿ ವಣವಾ ಎನ್ನುತ್ತಿದ್ದರು. ನನ್ನ ಹಾಗೆ ತಗಡಿನ ಶೆಡ್ಡುಗಳಲ್ಲಿ ಬೆಳೆದವರಿಗೆ ಆ ವಾಸನೆ ನೆನಪಿದ್ದೀತು: ಒಣಹುಲ್ಲಿನ ಹೊಗೆ, ಹಸಿ ಸಿಮೆಂಟು, ಅವ್ವ ಬಡಿಯುತ್ತಿದ್ದ ಜೋಳದ ರೊಟ್ಟಿ, ಎಲ್ಲ ಕಲೆತದ್ದು.

ಯಾದಗಿರಿ ಕಡೆಯಿಂದ ಬಂದ ನಾಲ್ಕಾರು ಮನೆಯವರು ನಾವು. ಕಾರ್ಖಾನೆಯೊಂದರ ಕಟ್ಟಡದ ಕೆಲಸಕ್ಕೆಂದು ಗುಡ್ಡದ ಬುಡದಲ್ಲೇ ಶೆಡ್ಡು ಹಾಕಿಕೊಂಡಿದ್ದೆವು. ಅಪ್ಪ ಗೌಂಡಿ, ಗೋಡೆ ಕಟ್ಟುವವನು. ಅವ್ವ ಇಟ್ಟಿಗೆ ಹೊರುತ್ತಿದ್ದಳು. ನನ್ನನ್ನೂ ತೊಟ್ಟಿಲ ಕೂಸಾಗಿದ್ದ ತಮ್ಮನನ್ನೂ ನೋಡಿಕೊಳ್ಳಲು ಅಪ್ಪನ ತಾಯಿ, ನಮ್ಮ ಆಯಿ, ಜೊತೆಗೆ ಬಂದಿದ್ದಳು.

ದೊಡ್ಡವರಿಗೆ ಹೊಗೆಯೆಂದರೆ ಕೆಮ್ಮು. ನಮಗೆ ಮಕ್ಕಳಿಗೆ ಅದು ಹಕ್ಕಿಗಳ ಹಬ್ಬ. ಹೊಗೆ ಕಂಡ ಗಳಿಗೆಗೆ ಹದ್ದುಗಳು ಎಲ್ಲಿಂದಲೋ ಬಂದು ಸುತ್ತತೊಡಗುತ್ತಿದ್ದವು. ಬೆಂಕಿಗೆ ಹೆದರಿ ಹಾರುವ ಮಿಡತೆಗಳನ್ನು ಕಾಜಾಣಗಳು ಗಾಳಿಯಲ್ಲೇ ಹಿಡಿಯುತ್ತಿದ್ದವು. ಬೆಳ್ಳಕ್ಕಿಗಳಂತೂ ಉರಿಯ ಪಕ್ಕದಲ್ಲೇ ಮದುವೆ ಮನೆಗೆ ಬಂದ ಬೀಗರ ಹಾಗೆ ಗತ್ತಿನಿಂದ ಓಡಾಡುತ್ತಿದ್ದವು. ನಾವು ಕುಂಟಬಿಲ್ಲೆ ಬಿಟ್ಟು ಅದನ್ನೇ ನೋಡುತ್ತ ಕೂರುತ್ತಿದ್ದೆವು. ಹೊಗೆ ಬಂದರೆ ಹಕ್ಕಿಗಳಿಗೆ ಖುಷಿ ಎಂದೇ ನಾನು ತಿಳಿದಿದ್ದೆ.

ಹೊಗೆಗೆ ಬಾರದಿದ್ದ ಜೋಡಿ ಒಂದೇ. ಗುಡ್ಡದ ನಡುವಿನ ಗಿಡ್ಡ ಜಾಲಿಮರದ ನೆತ್ತಿಯಲ್ಲಿ ಅವು ಗೂಡು ಕಟ್ಟಿದ್ದವು. ಬಿಳಿ ಹೊಟ್ಟೆ, ದೊಡ್ಡ ತಲೆ, ಹಳದಿ ಕಣ್ಣು. ಹಾವು ಹಿಡಿಯುವ ಹದ್ದು. ಗಂಡು ಅರ್ಧ ನುಂಗಿದ ಹಾವಿನ ಬಾಲವನ್ನು ಕೊಕ್ಕಿನಿಂದ ಇಳಿಬಿಟ್ಟುಕೊಂಡು ಬರುತ್ತಿತ್ತು. ಗೂಡಿನಲ್ಲಿದ್ದ ಒಂದೇ ಒಂದು ಮರಿ ಆ ಬಾಲ ಹಿಡಿದು ಎಳೆದೆಳೆದು, ನಾವು ಶಾವಿಗೆ ಸೆಳೆದುಕೊಳ್ಳುವ ಹಾಗೆ ನುಂಗುತ್ತಿತ್ತು. ಎದುರಿನ ಬಂಡೆ ಹತ್ತಿ ನಾನು ದಿನವೂ ನೋಡುತ್ತಿದ್ದೆ. ಆಯಿಗೆ ಅದು ಗರುಡ. ಕಂಡಾಗಲೆಲ್ಲ ಕೈಮುಗಿದು ಗಲ್ಲ ಮುಟ್ಟಿಕೊಳ್ಳುತ್ತಿದ್ದಳು. ಮರಿ ಯಾವಾಗ ಹಾರುತ್ತದೆ ಎಂದು ನಾನು ಕೇಳಿ ಕೇಳಿ ಅವಳ ತಲೆ ತಿನ್ನುತ್ತಿದ್ದೆ.

ಹೀಗಿರುವಾಗ ಒಂದು ಮಧ್ಯಾಹ್ನ ತಮ್ಮನ ಸೀರೆ ತೊಟ್ಟಿಲ ಕೆಳಗೆ ನಾಗರಹಾವು ಕಂಡಿತು. ಅವ್ವ ಕೂಸನ್ನು ಎಳೆದುಕೊಂಡು ಹೊರಗೆ ಬಿದ್ದಳು. ಆಮೇಲೆ ಅವಳು ಶೆಡ್ಡಿನೊಳಗೆ ಕಾಲಿಡಲೇ ಒಲ್ಲೆ ಎಂದಳು. ಸುತ್ತ ಎದೆಮಟ್ಟ ಬೆಳೆದ ಹುಲ್ಲಿದ್ದರೆ ಹಾವು ಬಾರದೆ ಇರುತ್ತದೆಯೇ ಎಂದು ಉಳಿದ ಹೆಂಗಸರೂ ದನಿಗೂಡಿಸಿದರು. ಸುಡುವುದೆಂದಾಯಿತು. ಸುಡುವುದರಲ್ಲಿ ಅಪ್ಪ ಪಳಗಿದವನೇ. ನಮ್ಮೂರಿನ ಎರೆಹೊಲದಲ್ಲಿ ಪ್ರತಿ ಬೇಸಿಗೆ ತೊಗರಿಯ ಕೂಳೆ ಸುಟ್ಟವನು. ಅಲ್ಲಿ ನೆಲ ಸಮ. ಬೆಂಕಿ ನೇಗಿಲು ಹೊಡೆದ ಹೊಲದ ತನಕ ಹೋಗಿ ತಾನೇ ಆರುತ್ತದೆ.

ರಜೆಯ ದಿನ ಗಂಡಸರೆಲ್ಲ ಗೋಣಿಚೀಲ ನೆನೆಸಿಕೊಂಡು ಶೆಡ್ಡುಗಳ ಮುಂದೆ ಸಾಲಾಗಿ ನಿಂತರು. ನೀರಿನ ಡ್ರಮ್ಮುಗಳೂ ಈ ಕಡೆಯೇ. ಗುಡ್ಡದ ಕಡೆ ಒಬ್ಬರೂ ಇರಲಿಲ್ಲ. ಗೂಡಿನ ಗತಿಯೇನೆಂದು ನಾನು ಕೇಳಿದೆ.

"ಅದು ಅಷ್ಟ್ ಮ್ಯಾಲ ಅದ. ನಡುವ ಬರೇ ಕಲ್ಲ ಅವ. ಅಲ್ಲಿಗ್ಯಾಕ ಹೋಗ್ತದ ಬೆಂಕಿ?" ಎಂದ ಅಪ್ಪ.

ಬೆಂಕಿ ಶೆಡ್ಡುಗಳ ಕಡೆ ತಿರುಗಲೇ ಇಲ್ಲ. ಇಳಿಜಾರು ಸಿಕ್ಕಿದ್ದೇ ಕಲ್ಲುಗಳ ಸಂದಿಯ ಹುಲ್ಲು ಹಿಡಿದು ಮೇಲಕ್ಕೆ ಓಡಿತು. ಗಂಡಸರು ಚೀಲ ಹಿಡಿದು ಬೆನ್ನಟ್ಟಿದರೂ ಅದು ಅವರಿಗಿಂತ ಮುಂದಿತ್ತು. ಹದ್ದುಗಳು ಬಂದವು. ಕಾಜಾಣಗಳು ಬಂದವು. ಬೆಳ್ಳಕ್ಕಿಗಳೂ ಬಂದವು. ಅವುಗಳ ಮೇಲೆ ನನಗೆ ಆವತ್ತು ಬಂದಷ್ಟು ಸಿಟ್ಟು ಮತ್ತೆ ಯಾರ ಮೇಲೂ ಬಂದಿಲ್ಲ.

ಹೆಣ್ಣುಹದ್ದು ಗೂಡಿನಲ್ಲಿ ಎದ್ದು ನಿಂತು, ಬಿಸಿಲಿಗೆ ಮಾಡುತ್ತಿದ್ದ ಹಾಗೆಯೇ ಮರಿಯ ಮೇಲೆ ರೆಕ್ಕೆ ಹರಡಿತು. ಹೊಗೆಗೂ ಅದಕ್ಕೆ ಗೊತ್ತಿದ್ದದ್ದು ಅಷ್ಟೇ. ಹಾರಿಹೋಗು ಎಂದು ನಾನು ಕೂಗಿಕೊಂಡೆ. ಆಯಿ ನನ್ನ ಮುಖವನ್ನು ಸೆರಗಿನಲ್ಲಿ ಮುಚ್ಚಿ ಹಿಡಿದಳು.

"ಗೂಡಿನಾಗ ಮರಿ ಅದ ಮಗಾ. ಎಲ್ಲಿಗಂತ ಹೋಗ್ತಾಳ ಆಕಿ?" ಎಂದಳು.

ಸೆರಗು ಸರಿಸಿ ನೋಡಿದಾಗ ಮರ ಕಾಣಿಸಲಿಲ್ಲ, ಬರೀ ಹೊಗೆ. ಹೆಣ್ಣು ಕೊನೆಗಾದರೂ ಹಾರಿತೋ ಇಲ್ಲವೋ ನನಗೆ ಗೊತ್ತಿಲ್ಲ. ಗಂಡು ಮಾತ್ರ ಮರುದಿನ ಬೆಳಿಗ್ಗೆ ಬಂತು. ಕೊಕ್ಕಿನಿಂದ ಹಾವಿನ ಬಾಲ ನೇತಾಡುತ್ತಿತ್ತು. ಕರಕಲಾದ ಜಾಲಿಯ ಮೇಲೆ ಅದು ಬಹಳ ಹೊತ್ತು ಕೂತಿತ್ತು. ಆ ಬಾಲವನ್ನು ಎಳೆದುಕೊಳ್ಳುವವರು ಯಾರೂ ಇರಲಿಲ್ಲ. ಅಪ್ಪ ರೊಟ್ಟಿ ಮುರಿದದ್ದನ್ನು ಹಾಗೇ ಇಟ್ಟು, "ನಮ್ಮೂರಾಗ ಬೆಂಕಿ ಹಿಂಗ ಏರಂಗಿಲ್ಲ" ಎಂದ. ಆಯಿ ಆಮೇಲೆ ಆಕಾಶ ನೋಡಿ ಕೈಮುಗಿದದ್ದನ್ನು ನಾನು ಕಾಣೆ. ಹಾವುಗಳು ಆ ಮಳೆಗಾಲದಲ್ಲೂ ಬಂದವು.

ಈಗ ಆಯಿಯೂ ಇಲ್ಲ, ಅಪ್ಪನೂ ಇಲ್ಲ. ಶೆಡ್ಡುಗಳಿದ್ದ ಜಾಗದಲ್ಲಿ ಕಾಲೊನಿಯಾಗಿದೆ. ನಾನೂ ಅಲ್ಲೇ ಎರಡು ಕೋಣೆ ಬಾಡಿಗೆ ಹಿಡಿದಿದ್ದೇನೆ. ಬೇಸಿಗೆಯಲ್ಲಿ ಗುಡ್ಡ ಈಗಲೂ ಉರಿಯುತ್ತದೆ, ಪ್ಲಾಟು ಮಾಡುವವರು ಜಾಗ ಸ್ವಚ್ಛವಾಗಲೆಂದು ಹಚ್ಚುತ್ತಾರೆ. ಆಮೇಲೆ ಜೆಸಿಬಿ ಹತ್ತುತ್ತದೆ. ಅದನ್ನು ಓಡಿಸುವವನು ನನ್ನ ತಮ್ಮ, ಆವತ್ತು ತೊಟ್ಟಿಲಲ್ಲಿ ಮಲಗಿದ್ದವನು. ಹೋದ ವಾರ ಅವನು ಜಾಲಿಮರವಿದ್ದ ಇಳಿಜಾರನ್ನು ಸಮ ಮಾಡುತ್ತಿದ್ದ. ಅಲ್ಲೊಂದು ಗೂಡಿತ್ತು, ನಿನಗೋಸ್ಕರ ಹಚ್ಚಿದ ಬೆಂಕಿಗೆ ಹೋಯಿತು ಎಂದು ಹೇಳಬೇಕೆಂದೇ ಊಟದ ಡಬ್ಬಿ ಹಿಡಿದು ಹೋಗಿದ್ದೆ. ಇಲ್ಲಿ ಮೊದಲು ಗರುಡ ಇದ್ದವು ಕಣೋ ಎಂದಷ್ಟೇ ಬಾಯಿಗೆ ಬಂತು. ಅವನು ಪಕ್ಕದ ಇಳಿಜಾರಿನ ಹೊಗೆಯ ಮೇಲೆ ಸುತ್ತುತ್ತಿದ್ದ ಹದ್ದುಗಳನ್ನು ತೋರಿಸಿದ.

"ಅವೇ ಇರಬೇಕಲ್ಲಕ್ಕ. ಭಾಳ ಬರ್ತಾವ ಇಲ್ಲಿ."

ಹೂಂ ಎಂದು ಡಬ್ಬಿ ಬಿಚ್ಚಿ ಅವನಿಗೆ ರೊಟ್ಟಿ ಬಡಿಸಿದೆ.